ಎಡಗೈಯ ಚಾಕು

ನನ್ನ ಹೊಲಿಗೆ ಅಂಗಡಿಯಲ್ಲಿ ಎರಡು ಕತ್ತರಿಗಳಿವೆ. ಒಂದು ನನ್ನದು; ಅದನ್ನು ಯಾರೂ ಮುಟ್ಟುವಂತಿಲ್ಲ. ಇನ್ನೊಂದು ಎಡಗೈಯವರದು, ಅದನ್ನು ಯಾರಾದರೂ ಬಂದು ಮುಟ್ಟಲಿ ಎಂದು ನಾನೇ ಕಾಯುತ್ತಿರುತ್ತೇನೆ. ಇಡೀ ರೋಣದಲ್ಲಿ ಎಡಗೈ ಕತ್ತರಿ ಇಟ್ಟಿರುವ ಅಂಗಡಿ ನನ್ನದೊಂದೇ ಎಂದು ಹತ್ತು ಮಂದಿಯ ಮುಂದೆ ಹೇಳಿದ್ದೇನೆ. ಅಲ್ಲ ಎಂದವರು ಇನ್ನೂ ಸಿಕ್ಕಿಲ್ಲ. ಹಾಗಾಗಿ ಅದು ಖರೇನೇ ಇರಬೇಕು.

ಇಟಗಿಯಿಂದ ಹೊಲಿಗೆ ಕಲಿಯಲು ಬರುತ್ತಿದ್ದ ಒಬ್ಬ ಹೆಣ್ಣುಮಗಳಿಗಾಗಿ ತರಿಸಿದ್ದು ಅದು. ಎರಡು ಮಕ್ಕಳ ತಾಯಿ, ಜಾಣೆ, ಮಷೀನಿನ ಮೇಲೆ ಕೂತರೆ ಹೊಲಿಗೆ ನೂಲಿನ ಹಾಗೆ ನೆಟ್ಟಗೆ ಬರುತ್ತಿತ್ತು. ಕತ್ತರಿ ಹಿಡಿದಳೋ, ರವಿಕೆಯ ಬಟ್ಟೆ ಗೆರೆ ಬಿಟ್ಟು ಎಲ್ಲಿಗೋ ಹೊರಟುಬಿಡುತ್ತಿತ್ತು. ಬೈದೆ. ಗೆರೆ ದಪ್ಪ ಎಳೆದುಕೊಟ್ಟೆ. ಕೊನೆಗೆ ಒಂದು ದಿನ ಆಕೆಯ ಪಕ್ಕದಲ್ಲಿ ಕೂತು, ನನ್ನ ಕತ್ತರಿಯನ್ನು ಆಕೆಯ ಹಾಗೆ ಎಡಗೈಯಲ್ಲಿ ಹಿಡಿದು ನೋಡಿದೆ. ಮೇಲಿನ ಅಲಗು ಗೆರೆಯನ್ನೇ ಮುಚ್ಚಿಬಿಡುತ್ತದೆ! ಗೆರೆ ಕಾಣದೆ ಯಾರು ತಾನೇ ನೆಟ್ಟಗೆ ಕತ್ತರಿಸಿಯಾರು? ಹುಬ್ಬಳ್ಳಿಯಿಂದ ಎಡಗೈ ಕತ್ತರಿ ತರಿಸಿದೆ. ಆಕೆ ಕಲಿತು, ಈಗ ಇಟಗಿಯಲ್ಲೇ ಅಂಗಡಿ ಹಾಕಿಕೊಂಡು ನನ್ನ ಗಿರಾಕಿಗಳನ್ನು ಎಳೆದುಕೊಂಡಿದ್ದಾಳೆ. ಕತ್ತರಿ ನನ್ನಲ್ಲೇ ಉಳಿಯಿತು. ಅದರ ಜೊತೆಗೆ, ಎಡಗೈಯ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂಬ ನಂಬಿಕೆಯೂ ಉಳಿಯಿತು.

ಆ ನಂಬಿಕೆಯಿಂದಲೇ ನಾನು ನಮ್ಮ ಮನೆಯವರಿಗೆ ಚಾಕು ಮಾಡಿಸಲು ಹೊರಟದ್ದು.

ಮನೆಯವರು ಎಂದರೆ ಶೇಖರಪ್ಪ. ಗಂಡನ ಹೆಸರು ಹೇಳಲು ನನಗೆ ಸಂಕೋಚವಿಲ್ಲ. ನಮ್ಮ ಅತ್ತೆ ಇದ್ದಾಗ ಇತ್ತು. ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ವಾರವೆಲ್ಲ ಜನರ ನಡುವೆ ಒತ್ತಿಸಿಕೊಂಡು, ರಜೆ ಸಿಕ್ಕ ದಿನ ಜನರೇ ಇಲ್ಲದ ಕಡೆಗೆ ಹೋಗುವುದು ಅವರ ಚಟ. ಒಂದು ರಜೆಗೆ ಗಜೇಂದ್ರಗಡದ ಗುಡ್ಡ, ಇನ್ನೊಂದಕ್ಕೆ ನರಗುಂದದ ಗುಡ್ಡ. ಜೇಬಿನಲ್ಲಿ ಮಡಚುವ ಚಾಕು, ಚೀಲದಲ್ಲಿ ಚಹಾಪುಡಿ, ಸಕ್ಕರೆ, ಒಂದು ಸಣ್ಣ ಪಾತ್ರೆ. ಮೂರು ಕಲ್ಲು ಹೂಡಿ ಚಹಾ ಕಾಸುವುದು, ಕುರುಚಲು ಗಿಡದ ಒಣ ಟೊಂಗೆ ಕಡಿದು ಕೋಲು ಕೆತ್ತುವುದು, ಸಂಜೆಗೆ ಮನೆಗೆ ಬರುವುದು. ಆ ಕೋಲುಗಳನ್ನು ಯಾರು ಕೇಳಿದರೂ ಕೊಟ್ಟುಬಿಡುತ್ತಿದ್ದರು. ರೋಣದಲ್ಲಿ ಮುದುಕರು ಕೋಲೂರಿಕೊಂಡು ಎದುರಿಗೆ ಬಂದರೆ ನಾನು ಮುಖಕ್ಕಿಂತ ಮೊದಲು ಕೋಲು ನೋಡುತ್ತಿದ್ದೆ.

ನಾನು ಹುಟ್ಟಿ ಬೆಳೆದ ಅಸೂಟಿಯ ಮನೆಯಲ್ಲಿ ಚಾಕು ಎಂಬುದೇ ಇರಲಿಲ್ಲ. ಹೆಂಗಸರಿಗೆ ಈಳಗಿ, ಗಂಡಸರಿಗೆ ಕುಡಗೋಲು. ಉಳ್ಳಾಗಡ್ಡಿ ಹೆಚ್ಚಬೇಕೆಂದರೆ ಈಳಗಿಯ ಮಣೆಯನ್ನು ಕಾಲಿನಿಂದ ಅದುಮಿಕೊಂಡು ಕೂರಬೇಕು. ಕತ್ತರಿಸುವ ವಸ್ತುವೇ ಅಲಗಿನ ಹತ್ತಿರ ಹೋಗಬೇಕು. ಅಲಗು ಇದ್ದಲ್ಲಿಂದ ಏಳುವುದಿಲ್ಲ, ಅದರ ಮುಂದೆ ಕೂತ ಹೆಂಗಸೂ ಏಳುವುದಿಲ್ಲ. ನಮ್ಮಜ್ಜಿ ಈಳಗಿಯ ಮುಂದೆ ಕೂತಳೆಂದರೆ ಊರಿನ ಸುದ್ದಿಯೂ ಅದರ ಮೇಲೆಯೇ ಹೋಳಾಗುತ್ತಿತ್ತು. ಹೀಗೆ ಬೆಳೆದ ನನಗೆ, ಜೇಬಿನಲ್ಲಿ ಅಲಗು ಇಟ್ಟುಕೊಂಡು ತಿರುಗುವ ಮನುಷ್ಯ ಮೊದಮೊದಲು ಪುಂಡನ ಹಾಗೆ ಕಂಡದ್ದು ತಪ್ಪಲ್ಲ.

ಮದುವೆಯಾದ ಹೊಸದರಲ್ಲಿ ನರಗುಂದದ ನಮ್ಮಕ್ಕನ ಮನೆಗೆ ಹೋಗಿದ್ದೆವು. ಮಧ್ಯಾಹ್ನ ಇವರು, "ಬಾ, ಅಡ್ಡಾಡಿ ಬರೂಣು" ಎಂದರು. ಸಿನಿಮಾ ಎಂದುಕೊಂಡು ನಾನು ರೇಷ್ಮೆ ಸೀರೆ ಉಟ್ಟು, ತುರುಬಿಗೆ ಅಬ್ಬಲಿಗಿ ಮುಡಿದು ಹೊರಟೆ. ಕರೆದೊಯ್ದದ್ದು ಗುಡ್ಡಕ್ಕೆ! ಅರ್ಧ ಏರುವಷ್ಟರಲ್ಲಿ ಸೆರಗಿಗೆ ಮುಳ್ಳು ಸಿಕ್ಕಿಕೊಂಡಿತು. ನಾನು ಎಳೆಯಲು ಹೋದೆ. "ನಿಂದರು, ಎಳೀಬ್ಯಾಡ" ಎಂದು ಇವರು ಚಾಕು ತೆಗೆದರು. ಸೀರೆ ಹೋಯಿತೆಂದು ನಾನು ಕಣ್ಣು ಮುಚ್ಚಿದೆ. ಇವರು ಮುಳ್ಳಿನ ಟೊಂಗೆಯನ್ನಷ್ಟೇ ಕೊಯ್ದು, ಒಂದೊಂದೇ ಮುಳ್ಳನ್ನು ಚಾಕುವಿನ ಮೊನೆಯಿಂದ ಎತ್ತಿ ಸೆರಗು ಬಿಡಿಸಿದರು. ಒಂದೆಳೆ ಹರಿಯಲಿಲ್ಲ. ಬಟ್ಟೆಯ ಕೆಲಸ ಬಲ್ಲ ನನಗೆ ಕೈ ಎಂದರೆ ಏನೆಂದು ಗೊತ್ತು. ಈ ಮನುಷ್ಯನ ಜೊತೆ ಸಂಸಾರ ಮಾಡಬಹುದು ಎಂದು ನಾನು ತೀರ್ಮಾನಿಸಿದ್ದು ಅಕ್ಷತೆ ಬಿದ್ದಾಗ ಅಲ್ಲ, ಆ ಗುಡ್ಡದ ಮೇಲೆ.

ಆ ಬಲಗೈಗೇ ಲಕ್ವಾ ಹೊಡೆಯಿತು.

ನಿವೃತ್ತಿಯಾದ ಮರುವರ್ಷ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಚ್ಚಲ ಬಾಗಿಲಲ್ಲಿ ಕುಸಿದರು. ಗದಗದ ದವಾಖಾನೆಯಲ್ಲಿ ಬೇಗನೇ ಔಷಧ ಸಿಕ್ಕಿತು. ಮಾತು ತಿರುಗಿ ಬಂತು, ಕಾಲು ಬಂತು, ನಡೆದರೆ ತುಸು ಎಳೆಯುತ್ತದೆ ಅಷ್ಟೆ. ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ಬೆರಳುಗಳು ಮುಷ್ಟಿ ಕಟ್ಟುವುದಿಲ್ಲ. ಹೆಬ್ಬೆರಳಲ್ಲಿ ಒತ್ತುವ ಶಕ್ತಿ ಒಂದಿಷ್ಟು ಉಳಿದಿತ್ತು. ಒತ್ತಿ ಒತ್ತಿ ರೂಢಿ ಮಾಡಲಿಕ್ಕೆಂದು ಡಾಕ್ಟರು ಒಂದು ರಬ್ಬರಿನ ಚೆಂಡು ಕೊಟ್ಟಿದ್ದರು. "ಇದನ್ನ ಒತ್ತಿದರ ಏನು ಬರತೈತಿ?" ಎಂದು ಇವರು ಅದನ್ನು ಹಿತ್ತಿಲಿಗೆ ಎಸೆದರು. ಓಣಿಯ ನಾಯಿಗಳಿಗೆ ಸಂತೋಷವಾಯಿತು.

ಎಡಗೈಯಿಂದ ಉಣ್ಣಲು, ಗುಂಡಿ ಹಾಕಿಕೊಳ್ಳಲು, ಸಹಿ ಮಾಡಲು ಕಲಿತರು. ಯಾವುದಕ್ಕೂ ಗೊಣಗಲಿಲ್ಲ. ಗುಡ್ಡದ ಮಾತನ್ನು ಮಾತ್ರ ಎತ್ತಲಿಲ್ಲ. ಯಾರಾದರೂ ಎತ್ತಿದರೆ ಟಿವಿಯ ದನಿ ಹೆಚ್ಚಿಸುತ್ತಿದ್ದರು.

ಒಂದು ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದಾಗ ನೋಡಿದೆ: ಹಿತ್ತಿಲ ಕಟ್ಟೆಯ ಮೇಲೆ ಕೂತು ಹಳೆಯ ಮಡಚುವ ಚಾಕುವನ್ನು ಹಲ್ಲಿನಿಂದ ಬಿಚ್ಚಲು ಹೆಣಗುತ್ತಿದ್ದಾರೆ. ಹಿಡಿ ಎಡಗೈಯಲ್ಲಿ, ಅಲಗಿನ ಬೆನ್ನು ಹಲ್ಲಿನ ನಡುವೆ. ತುಟಿಯಿಂದ ರಕ್ತ ಇಳಿಯುತ್ತಿತ್ತು.

"ಏನ್ರಿ ಇದು! ಹಲ್ಲು ಮುರಕೊಂಡ್ರ ರೊಟ್ಟಿ ಹ್ಯಾಂಗ ತಿಂತೀರಿ?"

"ಕೈನ ಹೋಗೇತಿ. ಹಲ್ಲಿಂದೇನು."

ಅಷ್ಟು ಹೇಳಿ ಚಾಕುವನ್ನು ಬಗ್ಗಿ ಕಟ್ಟೆಯ ಕೆಳಗಿಟ್ಟರು. ಎಸೆಯಲಿಲ್ಲ, ಇಟ್ಟರು. ಅವರು ಎಸೆದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ.

ಮರುದಿನ ಅಂಗಡಿಗೆ ಬೀಗ ಹಾಕಿ ಗಜೇಂದ್ರಗಡದ ಬಸ್ಸು ಹತ್ತಿದೆ. ಅಲ್ಲಿ ಕಂಬಾರ ಕಾಳಪ್ಪನ ಸಾಲೆ ಗುಡ್ಡದ ಬುಡದ ಕಡೆಗಿದೆ. ಸಾಲೆ ಎಂದರೆ ಕಬ್ಬಿಣ ಕಾಸುವ ಚಪ್ಪರ. ಕಾಳಪ್ಪ ಇಕ್ಕಳದಲ್ಲಿ ಕೆಂಪು ಕಬ್ಬಿಣ ಹಿಡಿದರೆ, ಅವನ ಹೆಂಡತಿ ಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ದೊಡ್ಡ ಸುತ್ತಿಗೆ ಎತ್ತುತ್ತಾಳೆ. ಗಂಡ ಹೆಂಡತಿ ಇಬ್ಬರೂ ಮಾತು ಬಲ್ಲವರು. ಸುತ್ತಿಗೆಯ ಸಪ್ಪಳದ ಮೇಲೆ ಮಾತಾಡಿ ರೂಢಿಯಾಗಿ ಯಾವಾಗಲೂ ಕೂಗಿಯೇ ಮಾತಾಡುವವರು.

ನಾನು ಅಳತೆಯ ಟೇಪು ಬಿಚ್ಚಿದೆ. ಮನೆಯವರು ಮಲಗಿದ್ದಾಗ ಅವರ ಎಡಗೈಯ ಅಳತೆ ತೆಗೆದುಕೊಂಡೇ ಬಂದಿದ್ದೆ. ಗಂಡಸರ ಅಂಗಿ ಹೊಲಿದ ಕೈ ನನ್ನದು, ಅಂಗೈ ಯಾವ ಲೆಕ್ಕ? ಹೀಗೆ ಹೀಗೆ ಎಂದು ಹೇಳುತ್ತಾ ಹೋದೆ. ಮಡಚುವುದು ಬೇಡ. ಹಿಡಿಕೆ ದಪ್ಪ ಇರಲಿ, ಕೈ ತುಂಬುವ ಹಾಗೆ. ಬೆರಳು ಜಾರಿ ಅಲಗಿಗೆ ಹೋಗದಂತೆ ನಡುವೆ ಅಡ್ಡಪಟ್ಟಿ ಇರಲಿ. ಕೈಯಿಂದ ಬಿದ್ದರೆ ಕಾಲಿಗೆ ಬೀಳದಂತೆ ಮಣಿಕಟ್ಟಿಗೆ ಸಿಕ್ಕಿಸುವ ದಾರ ಇರಲಿ. ನೀವು ಕುಡಗೋಲಿಗೆ ಒಂದೇ ಮಗ್ಗುಲು ಸಾಣೆ ಹಿಡಿಯುತ್ತೀರಲ್ಲ, ಅದು ಬಲಗೈಯವರಿಗೆ. ಇದಕ್ಕೆ ತಿರುವುಮುರುವು ಹಿಡಿಯಿರಿ. ಮೊನೆ ಮಾತ್ರ ಬೇಡ, ದುಂಡಗೆ ಮಾಡಿ.

ಅಲ್ಲಿಯವರೆಗೆ ತಲೆಯಾಡಿಸುತ್ತಿದ್ದ ಕಾಳಪ್ಪ ಇಕ್ಕಳ ಕೆಳಗಿಟ್ಟ.

"ಅಕ್ಕಾರ, ಚಾಕು ಮಾಡಸಾಕ ಬಂದೀರೋ, ಚಮಚೆ ಮಾಡಸಾಕ ಬಂದೀರೋ?"

"ಮೊನಿ ಚುಚ್ಚಿದ್ರ ಯಾರಪ್ಪಾ ನೋಡವ್ರು? ಅವ್ರಿಗೆ ಲಕ್ವಾ ಹೊಡದೈತಿ."

"ಎಡಗೈಗೂ ಹೊಡದೈತೇನ್ರಿ?"

"ಎಡಗೈ ಚಲೋ ಐತಿ."

"ಮತ್ತ?"

ನನ್ನ ಗಂಡನ ಕೈ ನನಗೆ ಗೊತ್ತು ಎಂದೆ. ಗಂಗವ್ವ ಸುತ್ತಿಗೆಗೆ ಆತು ನಿಂತು, "ಅಕ್ಕಾರು ಹೇಳಿದಾಂಗ ಮಾಡು ಅತ್ಲಾಗ. ಅವ್ರು ಹೆಂಗೂ ತಿರುಗಿ ಬರ್ತಾರ" ಎಂದಳು. ಆಗ ನನಗೆ ಅದು ಗಿರಾಕಿಯ ಮೇಲಿನ ಮರ್ಯಾದೆಯ ಮಾತಿನಂತೆ ಕೇಳಿಸಿತು.

ಚಾಕು ಬಂತು. ನೋಡಲು ಚಂದವಾಗಿತ್ತು. ಬೆಳಗಿನ ಚಹಾದ ಜೊತೆ ಅವರ ಮುಂದಿಟ್ಟು, ಹೊಸ ಬಟ್ಟೆ ಕೊಟ್ಟಾಗ ಗಿರಾಕಿಯ ಮುಖ ನೋಡುವ ಹಾಗೆ ನೋಡುತ್ತಾ ನಿಂತೆ. ಎಡಗೈಯಲ್ಲಿ ಎತ್ತಿಕೊಂಡರು. ದುಂಡು ಮೊನೆಯ ಮೇಲೆ ಬೆರಳಾಡಿಸಿದರು. ಅಡ್ಡಪಟ್ಟಿ ನೋಡಿದರು. ಮಣಿಕಟ್ಟಿನ ದಾರ ನೋಡಿದರು.

"ಯಾರಿಗೆ ಇದು?"

"ನಿಮಗರಿ."

"ನನಗ? ಅಂಗನವಾಡಿ ಹುಡುಗರಿಗೆ ಅಂತ ತಿಳಿದೆ."

ನಗೆಯ ಮಾತಲ್ಲ ಅದು. ಕಣ್ಣು ಕೆಂಪಾಗಿದ್ದವು. "ನಾ ಚಾಕು ಹಿಡಿಯಾಕ ಬಾರದಾವ ಅಂತ ನೀನೂ ಅಂತಿಯೇನು?" ಎಂದು ಕೇಳಿದರು. ಅಲ್ಲಿಯವರೆಗೂ ನಾನು ಕೈಗೆ ಚಾಕು ಮಾಡಿಸಿದ್ದೇನೆ ಎಂದುಕೊಂಡಿದ್ದೆ. ನಾನು ಮಾಡಿಸಿದ್ದು ನನ್ನ ಹೆದರಿಕೆಗೆ. ಹಿಡಿಕೆಯಿಂದ ಮೊನೆಯವರೆಗೆ ನನ್ನ ಹೆದರಿಕೆಯ ಅಳತೆಗೇ ಸರಿಯಾಗಿ ಕೂತಿತ್ತು ಅದು.

ಅಳುತ್ತಾ ನಿಲ್ಲುವ ಜಾತಿಯವಳಲ್ಲ ನಾನು. "ಬರಾಬರಿ ಇಲ್ಲಂದ್ರ ಹ್ಯಾಂಗ ಬೇಕು ಹೇಳ್ರಿ. ಸುಮ್ಮ ಬೈದ್ರ ಕಾಳಪ್ಪಗ ಏನು ತಿಳೀಬೇಕು?" ಎಂದೆ, ನನ್ನ ಅಂಗಡಿಯಲ್ಲಿ ರವಿಕೆ ಬಿಗಿಯಾಯಿತೆಂದು ಜಗಳ ತೆಗೆಯುವವರಿಗೆ ಹೇಳುವ ದನಿಯಲ್ಲಿ.

"ನಿನಗ ಹೇಳಿದ್ರ ನೀ ಮತ್ತ ಚಮಚೆನ ತರ್ತಿ. ನಾನ ಹೋಗಿ ಹೇಳತೀನಿ. ಪ್ಯಾಂಟ್ ಎಲ್ಲೈತಿ?"

ಚಮಚೆ! ಕಾಳಪ್ಪನ ಬಾಯಿಂದಲೂ ಅದೇ, ಇವರ ಬಾಯಿಂದಲೂ ಅದೇ. ಗಂಡಸರಿಗೆಲ್ಲ ಹೋಲಿಕೆಗೆ ಒಂದೇ ವಸ್ತು ಸಿಗುವುದೇನೋ. ಆದರೆ ಪ್ಯಾಂಟು ಕೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಲಕ್ವಾ ಹೊಡೆದಾಗಿನಿಂದ ಲುಂಗಿ ಬಿಟ್ಟು ಬೇರೆ ಉಟ್ಟವರಲ್ಲ, ದವಾಖಾನೆಗೆ ಬಿಟ್ಟು ಬೇರೆಲ್ಲಿಗೂ ಹೊರಟವರಲ್ಲ. ನಾನು ಓಡಿಹೋಗಿ ಪ್ಯಾಂಟು ತಂದುಕೊಟ್ಟೆ. ಇಸ್ತ್ರಿ ಮಾಡಲು ಕೂತರೆ ಮನಸ್ಸು ಬದಲಾದೀತೆಂದು ಮುದುಡಿದ್ದನ್ನೇ ಕೊಟ್ಟೆ.

ಬಸ್ಸಿನಲ್ಲಿ ಕಂಡಕ್ಟರ್ ಹಳೆಯ ಪರಿಚಯದವರು. "ಬರ್ರಿ ಶೇಖರಪ್ಪನವ್ರ, ಕುಂದರ್ರಿ" ಎಂದು ತಮ್ಮ ಸೀಟನ್ನೇ ಬಿಟ್ಟುಕೊಟ್ಟರು. ಇವರು ಕೂರಲಿಲ್ಲ. ಕಂಬಿಯನ್ನು ಎಡಗೈಯಲ್ಲಿ ಹಿಡಿದು ನಿಂತೇ ಗಜೇಂದ್ರಗಡದವರೆಗೆ ಬಂದರು. ಪ್ರತಿ ತಿರುವಿನಲ್ಲೂ ಹಿಡಿಯಲು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಬೆಳಿಗ್ಗೆಯ ಪಾಠ ಇನ್ನೂ ಹಸಿಯಾಗಿತ್ತು.

ಸಾಲೆಯಲ್ಲಿ ಇವರೂ ಕಾಳಪ್ಪನೂ ಜಗಳಕ್ಕೆ ಬಿದ್ದರು. ಎಂಥ ಚಂದದ ಜಗಳ ಅದು! ಅಲಗು ಎಷ್ಟುದ್ದ ಎಂಬಲ್ಲಿಂದ ಶುರುವಾಯಿತು. ಕಾಳಪ್ಪನಿಗೆ ಉದ್ದವೂ ತೂಕವೂ ಬೇಕು. ಟೊಂಗೆ ಕಡಿಯಲು ಅನುಕೂಲ. ಇವರಿಗೆ ಗಿಡ್ಡ ಬೇಕು. "ಕಡಿಯಾಕ ಕೊಡ್ಲಿ ಅದಾವ. ನಾ ಕೆತ್ತಾಂವ. ಅಂಗೈ ಅಗಲದಷ್ಟು ಅಲಗು ಸಾಕು" ಎಂದರು. ಅಡ್ಡಪಟ್ಟಿ ಬೇಡ; ಕೆತ್ತುವಾಗ ಬೆರಳು ಅಲಗಿನ ಬುಡದವರೆಗೆ ಹೋಗಲೇಬೇಕು. ಸಾಣೆ ಎರಡೂ ಮಗ್ಗುಲು ಸಮ ಇರಲಿ. ಇಲ್ಲಿ ನಾನು ಬಾಯಿ ಹಾಕಿದೆ: ಎಡಗೈಗೆ ಎಡಮಗ್ಗುಲು ಅಲ್ಲವೇ?

"ಕತ್ತರಿಗೆ ಖರೆ. ಚಾಕು ಹೋಗೂ ಮುಂದ ಹಿಂಗ ಹೋಗತೈತಿ, ಬರೂ ಮುಂದ ಹಿಂಗ ಬರತೈತಿ" ಎಂದು ಗಾಳಿಯಲ್ಲಿ ಕೈಯಾಡಿಸಿ ತೋರಿಸಿದರು. ಅಷ್ಟು ದಿನಗಳ ಮೇಲೆ ಆ ಕೈ ಒಂದು ಕೆಲಸದ ನಡೆ ನಡೆದದ್ದನ್ನು ಕಂಡೆ. ಎಡಗೈಯಾದರೂ ಅದೇ ನಡೆ.

ಮೊನೆ? ಚೂಪು. ಅದರ ಬಗ್ಗೆ ಚರ್ಚೆಯೇ ಆಗಲಿಲ್ಲ.

ಕಾಳಪ್ಪ ಯಾವತ್ತೂ ಮಾಡುವಂತೆ ಅಲಗಿನ ಬಾಲವನ್ನು ಕಾಸಿ ಮರದ ಹಿಡಿಕೆಯೊಳಗೆ ಇಳಿಸುತ್ತೇನೆಂದ. ಬೇಸಿಗೆಯಲ್ಲಿ ಮರ ಒಣಗಿ ಸಡಿಲಾಗುತ್ತದೆ ಎಂದು ಇವರು ಒಪ್ಪಲಿಲ್ಲ. ಉಕ್ಕು ಹಿಡಿಕೆಯ ತುದಿಯವರೆಗೂ ಒಂದೇ ತುಂಡಾಗಿ ಬರಲಿ, ಎರಡೂ ಕಡೆ ಜಾಲಿಮರದ ಹೋಳು ಕೂರಿಸಿ ಹಿತ್ತಾಳೆಯ ಮೊಳೆ ಹೊಡೆಯಲಿ. ಭಾರವಾಗುತ್ತದೆ ಎಂದ ಕಾಳಪ್ಪ. ಆಗಲಿ, ಹಿಂದೆ ಭಾರ ಇದ್ದರೆ ಮುಂದೆ ಹಗುರ ಎಂದರು ಇವರು. ಲಾರಿಯ ಹಳೆಯ ಪಾಟಾದ, ಅಂದರೆ ಸ್ಪ್ರಿಂಗ್ ಪಟ್ಟಿಯ, ಉಕ್ಕು ಆರಿಸುವಲ್ಲಿ ಮಾತ್ರ ಇಬ್ಬರೂ ಒಂದೇ ಮಾತಿಗೆ ಒಪ್ಪಿದರು. ಗಂಗವ್ವ ನನಗೆ ಚಹಾ ಕೊಟ್ಟು, "ಗಂಡಸ್ರು ಜಗಳಾಡಾಕತ್ತಾರಂದ್ರ ಆರಾಮ ಅದಾರಂತ ತಿಳೀಬೇಕ್ರಿ" ಎಂದು ಕೂಗಿದಳು.

ಹಿಡಿಕೆಯ ಅಳತೆಯ ಮಾತು ಬಂದಾಗ ನಾನು ಟೇಪಿಗೆ ಕೈ ಹಾಕಿದೆ. ಇವರು ಬೇಡವೆಂದು ತಲೆಯಾಡಿಸಿ, ಒಲೆಗೆ ಮೆತ್ತಲು ಗಂಗವ್ವ ಕಲಸಿಟ್ಟಿದ್ದ ಎರೆಮಣ್ಣಿನ ಮುದ್ದೆ ಕೇಳಿದರು. ಅದನ್ನು ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಕಟ್ಟಿಗೆ ಕೆತ್ತುವವರ ಹಾಗೆ ಮುಷ್ಟಿ ಬಿಗಿದರು. ಬಿಟ್ಟಾಗ ಮಣ್ಣಿನಲ್ಲಿ ನಾಲ್ಕು ಬೆರಳಿನ ತಗ್ಗು, ಅಂಗೈಯ ಉಬ್ಬು ಎಲ್ಲ ಮೂಡಿದ್ದವು. ಮಲಗಿದವರ ಕೈಗೂ ಕೆಲಸದ ಕೈಗೂ ಎಷ್ಟು ವ್ಯತ್ಯಾಸ! ನಾನು ಮಾಡಿಸಿದ ಹಿಡಿಕೆಗಿಂತ ಇದು ಸಣ್ಣದು, ಹೊಟ್ಟೆ ಮಾತ್ರ ಚೂರು ಉಬ್ಬಿದ್ದು. ಆವತ್ತಿನಿಂದ ನಾನು ಗಿರಾಕಿಗಳಿಗೆ ತೋಳು ಮಡಚಿ, ಎತ್ತಿ, ಇಳಿಸಿ ಎಂದು ಹೇಳಿಯೇ ಅಳತೆ ತೆಗೆಯುತ್ತೇನೆ. ಕಂಕುಳಲ್ಲಿ ಹೊಲಿಗೆ ಪಿಸಿಯುವ ರವಿಕೆಗಳು ಕಡಿಮೆಯಾಗಿವೆ.

ಹೊರಡುವ ಮುಂಚೆ ಇವರು ಇನ್ನೊಂದು ಹೇಳಿದರು. ಅಲಗಿನ ಬೆನ್ನು ದಪ್ಪ ಇರಬೇಕು. ಮುಂದಿನ ಅರ್ಧಕ್ಕೆ ಚೌಕನೆಯ ಅಂಚಿರಲಿ, ತೊಗಟೆ ಹೆರೆಯಲು. ಹಿಂದಿನ ಅರ್ಧವನ್ನು ಉಜ್ಜಿ ನುಣ್ಣಗೆ ಮಾಡಬೇಕು.

"ಅದ್ಯಾಕ್ರಿ ನುಣ್ಣಗ?" ಎಂದ ಕಾಳಪ್ಪ.

ಇವರು ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ಮುಂದೆ ತಂದರು. ಹೆಬ್ಬೆರಳನ್ನು ನಿಧಾನ ಒತ್ತಿ ತೋರಿಸಿದರು. "ಕಟಿಗಿ ಮೊಣಕಾಲಾಗ ಹಿಡೀತೀನಿ. ಎಡಗೈ ಚಾಕು ಹಿಡೀತೈತಿ. ಇಂವ ಬೆನ್ನಿನ ಮ್ಯಾಲ ಕುಂತು ದಬ್ಬತಾನ. ಇವಗೂ ಒಂದು ಕೆಲಸ ಇರಲಿ."

"ನುಣ್ಣಗ ಮಾಡತೀನ್ರಿ" ಎಂದ ಕಾಳಪ್ಪ, ಅದೊಂದನ್ನು ಮಾತ್ರ ಮೆಲ್ಲಗೆ.

ಎರಡನೆಯ ಚಾಕು ಬಂದ ಮೇಲೆ ಒರೆಯ ಕೆಲಸ ನನ್ನದು. ಇಲ್ಲಿ ಯಾರ ಸಲಹೆಯನ್ನೂ ನಾನು ಕೇಳಲಿಲ್ಲ. ಒಂದೇ ಕೈಯಿಂದ ಚಾಕು ಎಳೆದರೆ ಸೊಂಟದ ಪಟ್ಟಿಗೆ ತೂಗುವ ಒರೆಯೂ ಜೊತೆಗೇ ಎದ್ದು ಬರುತ್ತದೆ. ಅದುಮಿ ಹಿಡಿಯಲು ಇನ್ನೊಂದು ಕೈ ಬೇಕು. ನಾನು ಗುಡ್ಡಕ್ಕೆಂದೇ ಒಂದು ಗಟ್ಟಿ ಪ್ಯಾಂಟು ಹೊಲಿದು, ಎಡತೊಡೆಯ ಪಕ್ಕಕ್ಕೆ ಉದ್ದ ಕಿಸೆ ಕೂರಿಸಿ, ಚರ್ಮದ ಒರೆಯನ್ನು ಅದರೊಳಗೆ ಹೊಲಿಗೆ ಹಾಕಿ ಜಡಿದುಬಿಟ್ಟೆ. ಮಷೀನಿನ ಸೂಜಿಗಳು ಪಟಪಟ ಮುರಿದವು. ದಬ್ಬಣ ಹಿಡಿದು ಕೈಯಲ್ಲೇ ಹೊಲಿದೆ. ಎಳೆದರೆ ಚಾಕುವಷ್ಟೇ ಬರುತ್ತದೆ. ಹುಲ್ಲಿನಲ್ಲಿ ಬಿದ್ದರೆ ಕಾಣಲೆಂದು ಹಿಡಿಕೆಯ ತುದಿಗೆ ಕೆಂಪು ದಾರದ ಗೊಂಡೆ ಕಟ್ಟಿದೆ. ಇವರು ಗೊಂಡೆ ನೋಡಿ ಮುಖ ಸಿಂಡರಿಸಿದರು. ಆದರೆ ಕಿಸೆಯಿಂದ ಚಾಕುವನ್ನು ಎಳೆದು ಹಾಕಿ, ಎಳೆದು ಹಾಕಿ ನೋಡಿ, "ಇದು ಕಾಳಪ್ಪಗ ಆಗತಿದ್ದಿಲ್ಲ" ಎಂದರು. ಸಂಸಾರದಲ್ಲಿ ಅವರಿಂದ ಬಂದ ದೊಡ್ಡ ಹೊಗಳಿಕೆ ಅದು. ಯಾರಿಗಾದರೂ ಹೇಳಬೇಕೆಂದು ಕಾಯುತ್ತಿದ್ದೆ, ನಿಮಗೆ ಹೇಳಿದೆ.

ಮೊದಲ ಸಲ ಗಜೇಂದ್ರಗಡದ ಗುಡ್ಡಕ್ಕೆ ಇಬ್ಬರೂ ಹೋದೆವು. ಕರೆಂಟು ತಯಾರಿಸುವ ಗಾಳಿಯ ಫ್ಯಾನುಗಳು ತಿರುಗುವ ಎತ್ತರದವರೆಗೆ ಏರಲಾಗಲಿಲ್ಲ. ಅರ್ಧಕ್ಕೇ ಒಂದು ಬಂಡೆಯ ನೆರಳಲ್ಲಿ ಕೂತೆವು. ಬಾರೆಗಿಡದ ಒಣ ಟೊಂಗೆಯೊಂದನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಕೆತ್ತತೊಡಗಿದರು. ಮೊದಲ ಏಟಿಗೇ ಚಾಕು ಗಂಟಿಗೆ ಬಡಿದು ಜಾರಿ ಎಡಗಾಲ ಪ್ಯಾಂಟನ್ನು ಸೀಳಿತು. ನಾನು ಚೀರಿದೆ. ಕಾಲಿಗೆ ತಗುಲಿರಲಿಲ್ಲ.

"ಪ್ಯಾಂಟ್ ಹೊಲೀತಿಯಲ್ಲ?" ಎಂದರು.

"ಹೊಲೀತೀನಿ."

"ಹಂಗಾದ್ರ ಚೀರಬ್ಯಾಡ."

ಮತ್ತೆ ಕೆತ್ತಿದರು. ಬಲಗೈಯ ಹೆಬ್ಬೆರಳು ಅಲಗಿನ ಬೆನ್ನಿನ ಮೇಲೆ ಕೂತು ನಡುಗುತ್ತಿತ್ತು, ನಡುಗುತ್ತಲೇ ದಬ್ಬುತ್ತಿತ್ತು. ಸಿಪ್ಪೆ ಸುರುಳಿ ಸುರುಳಿಯಾಗಿ ಬರಲಿಲ್ಲ. ಚೂರು ಚೂರಾಗಿ ಬಂತು. ಮಧ್ಯಾಹ್ನದ ಹೊತ್ತಿಗೆ ಟೊಂಗೆಯ ಒಂದು ತುದಿ ಬೆಳ್ಳಗಾಯಿತು. ಕೋಲಾಗಲಿಲ್ಲ. ಅದನ್ನೇ ಹಿಡಿದುಕೊಂಡು ಇಳಿದೆವು.

ಆಮೇಲೆ ಕೆಲವು ಸಲ ಹಾಗೆಯೇ ಜೊತೆಗೆ ಹೋಗಿ ಬಂದೆವು. ಶ್ರಾವಣ ಬಂತು. ನನಗೆ ಹಬ್ಬದ ಹೊಲಿಗೆಯ ಒತ್ತಡ. ಇನ್ನೊಂದು ತಿಂಗಳು ಗುಡ್ಡದ ಮಾತು ತೆಗೆಯಬೇಡಿ ಎಂದು ಹೇಳಿ ಬೆಳಿಗ್ಗೆ ಬೇಗ ಅಂಗಡಿಗೆ ಹೋದೆ. ರವಿಕೆಗಳ ರಾಶಿಯ ನಡುವೆ ಕೂತಿದ್ದಾಗ ಫೋನು ಬಂತು. ಆ ಕಡೆಯಿಂದ ಬರೀ ಗಾಳಿಯ ಸದ್ದು.

"ಎಲ್ಲಿ ಅದೀರಿ?"

"ಗುಡ್ಡದ ಮ್ಯಾಲ."

"ಯಾರ ಜೋಡಿ?"

"ಯಾರಿಲ್ಲ. ಒಬ್ಬಾವನ. ಫ್ಯಾನಿನ ಬುಡಕ್ಕ ಕುಂತೀನಿ."

ಎದ್ದು ನಿಂತುಬಿಟ್ಟೆ. ಬೈಗುಳ ಬಾಯಿಗೆ ಬಂದಿತ್ತು. ಕಾಲು ಜಾರಿದರೆ, ತಲೆ ತಿರುಗಿದರೆ, ಎಂದು ಹೇಳಲು ಎಷ್ಟೋ ಇತ್ತು. ಗಾಳಿಯ ನಡುವೆ ಕರ್ ಕರ್ ಎಂದು ಕಟ್ಟಿಗೆ ಹೆರೆಯುವ ಸದ್ದು ಕೇಳಿಸಿತು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಲೇ ಮಾತಾಡುತ್ತಿದ್ದರು.

"ಮಧ್ಯಾಹ್ನ ಊಟಕ್ಕ ನನ್ನ ದಾರಿ ನೋಡಬ್ಯಾಡ. ಸಂಜಿ ಬಸ್ಸಿಗೆ ಬರತೀನಿ."

"ಆಗಲಿ ಬರ್ರಿ" ಎಂದೆ.

ಮಧ್ಯಾಹ್ನ ಮನೆಗೆ ಹೋಗಿ ನನಗೊಬ್ಬಳಿಗೇ ಆಗುವಷ್ಟು ರೊಟ್ಟಿ ಬಡಿದೆ. ಒಂದೇ ತಾಟು ಹಾಕಿಕೊಂಡು, ಯಾರಿಗೂ ಏನೂ ಬಡಿಸದೆ, ಹೊಟ್ಟೆ ತುಂಬ ಉಂಡೆ.